ಮುದ್ರಿತ ನಮೂನೆಯ ಮೇಲಣ ಬರಹ: ದತ್ತಸಂಚಯದ ಅಂತರ್ನಿರ್ಮಿತ ಸ್ಕೀಮಾಗಳೂ ಬ್ಯಾಕಪ್ಪೂ

(ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಯ ಪ್ರವೇಶ ದಾಖಲಾತಿ ಪುಸ್ತಕ ಹಳತಾಗಿ ಹಾಳೆಗಳು ಬಿಡತೊಡಗಿದಾಗ ಅದನ್ನು ಹೊಸ ಪುಸ್ತಕಕ್ಕೆ ನಕಲು ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ನಕಲು ಮಾಡುವವರು ಕೈಬರಹದ ನಮೂದುಗಳನ್ನಷ್ಟೇ ಪ್ರತಿ ಮಾಡುತ್ತಾರೆ. ಮೇಲೆ ಅಚ್ಚಾಗಿರುವ ಕಾಲಮುಗಳ ಶೀರ್ಷಿಕೆಯನ್ನು ಯಾರೂ ಪ್ರತಿ ಮಾಡುವುದಿಲ್ಲ. ಹೊಸ ಪುಸ್ತಕದಲ್ಲಿ ಅದು ಅಚ್ಚಾಗಿಯೇ ಬಂದಿರುತ್ತದೆ. ಆದರೆ ಹಿಂದಿನ ಮುಖ್ಯೋಪಾಧ್ಯಾಯರೊಬ್ಬರು ‘ತಂದೆಯ ಹೆಸರು’ ಎಂಬ ಅಚ್ಚಿನ ಶೀರ್ಷಿಕೆಯನ್ನು ಹೊಡೆದುಹಾಕಿ, ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಪೋಷಕರ ಹೆಸರು’ ಎಂದು ಬರೆದಿದ್ದರೆ? ಹೊಸ ಪುಸ್ತಕದಲ್ಲಿ ಶೀರ್ಷಿಕೆ ಮತ್ತೆ ‘ತಂದೆಯ ಹೆಸರು’ ಆಗಿ, ಅದರ ಕೆಳಗೆ ಅಜ್ಜನ, ಸೋದರಮಾವನ, ದೊಡ್ಡಮ್ಮನ ಹೆಸರುಗಳು ಬಂದು ಕುಳಿತಿರುತ್ತವೆ. ನಕಲು ಮಾಡಿದವರು ಒಂದಕ್ಷರವನ್ನೂ ತಪ್ಪಿಲ್ಲ. ಆದರೂ ಆ ಕಾಲಮು ಆದ್ಯಂತ ಸುಳ್ಳು ಹೇಳುತ್ತದೆ.

ಗಣಕದಲ್ಲಿ ಇಟ್ಟ ದತ್ತಸಂಚಯಕ್ಕೂ ಇದೇ ಗತಿ ಬರಬಹುದು ಎಂಬುದು ಈ ಉಪನ್ಯಾಸದ ವಿಷಯ. ಈಗ ಶಾಲೆಗಳ ಗ್ರಂಥಾಲಯದ ಪಟ್ಟಿ, ಹಳೆವಿದ್ಯಾರ್ಥಿಗಳ ಪಟ್ಟಿ, ಪ್ರಶ್ನೆಕೋಶ, ಹಾಜರಿ ಎಲ್ಲವೂ ಯಾವುದಾದರೊಂದು ದತ್ತಸಂಚಯದಲ್ಲಿ ಇರುತ್ತವೆ. ಅವುಗಳ ಬ್ಯಾಕಪ್ ತೆಗೆಯಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಬ್ಯಾಕಪ್ ಯಾವುದನ್ನು ತೆಗೆದುಕೊಳ್ಳುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದು ಅಷ್ಟು ತಿಳಿದಿಲ್ಲ. ಉದಾಹರಣೆಗೆ ಇಲ್ಲಿ ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡಿದೆ. ಹಣ ಕೊಡದೆ ದೊರೆಯುವುದರಿಂದಲೂ ಲಿನಕ್ಸ್ ಗಣಕಗಳಲ್ಲಿ ಸುಲಭವಾಗಿ ನೆಲೆಗೊಳ್ಳುವುದರಿಂದಲೂ ಶಾಲೆಗಳಲ್ಲಿ ಕಲಿಸಲು ಅದು ತಕ್ಕದ್ದು.

ಪೋಸ್ಟ್‌ಗ್ರೆಸ್ಸಿನಲ್ಲಿ ಒಂದು ದತ್ತಸಂಚಯವನ್ನು ಸೃಷ್ಟಿಸಿದೊಡನೆ ಅದರೊಳಗೆ ಕೆಲವು ಸ್ಕೀಮಾಗಳು, ಎಂದರೆ ಕೋಷ್ಟಕ, ಫಂಕ್ಷನ್ ಮುಂತಾದವನ್ನು ಇಡುವ ಕೋಣೆಗಳು, ತಾವಾಗಿಯೇ ಬಂದಿರುತ್ತವೆ. ಪಿಜಿ_ಕ್ಯಾಟಲಾಗ್ ಎಂಬುದು ತಂತ್ರಾಂಶದ ಸ್ವಂತ ಕೋಣೆ: ಯಾವ ಕೋಷ್ಟಕಗಳಿವೆ, ಯಾವ ಕಾಲಮಿನ ಜಾತಿ ಯಾವುದು, ಯಾರಿಗೆ ಯಾವ ಅನುಮತಿ ಎಂಬ ಎಲ್ಲ ಲೆಕ್ಕವೂ, ಕೂಡಿಸುವ ಕಳೆಯುವ ಅಂತರ್ನಿರ್ಮಿತ ಫಂಕ್ಷನ್ನುಗಳೂ ಅಲ್ಲಿರುತ್ತವೆ. ಇನ್ಫರ್ಮೇಶನ್_ಸ್ಕೀಮಾ ಎಂಬುದು ಅದೇ ಲೆಕ್ಕವನ್ನು ಎಸ್‌ಕ್ಯೂಎಲ್ ಮಾನಕಕ್ಕೆ ಅನುಗುಣವಾಗಿ ತೋರಿಸುವ ಕಿಟಕಿ. ಮೂರನೆಯದಾದ ಪಬ್ಲಿಕ್ ಬಳಕೆದಾರರ ಸಾಮಗ್ರಿಗಾಗಿ ತೆರೆದಿಟ್ಟ ಹಜಾರ. ಮೊದಲಿನ ಎರಡು ಪೂರ್ಣವಾಗಿ ಅಚ್ಚಿನ ನಮೂನೆ. ಮೂರನೆಯದು ಅರ್ಧ ಅಚ್ಚು, ಅರ್ಧ ಕೈಬರಹ. ತೊಡಕು ಹೆಚ್ಚಾಗಿ ಹುಟ್ಟುವುದು ಈ ಅರ್ಧರ್ಧದಲ್ಲಿ.

ಬ್ಯಾಕಪ್ ತೆಗೆಯುವ ಸಾಮಾನ್ಯ ಸಾಧನ ಪಿಜಿ_ಡಂಪ್. ಅದು ಫೈಲುಗಳನ್ನು ನಕಲಿಸುವುದಿಲ್ಲ. ದತ್ತಸಂಚಯವನ್ನು ಮೊದಲಿನಿಂದ ಮತ್ತೆ ಕಟ್ಟಲು ಬೇಕಾದ ಆದೇಶಗಳನ್ನು ಬರೆದಿಡುತ್ತದೆ: ಈ ಕೋಷ್ಟಕವನ್ನು ರಚಿಸು, ಈ ಸಾಲುಗಳನ್ನು ತುಂಬು, ಈ ಇಂಡೆಕ್ಸನ್ನು ಕಟ್ಟು, ಇವರಿಗೆ ಈ ಅನುಮತಿ ಕೊಡು ಎಂದು. ಪಿಜಿ_ಕ್ಯಾಟಲಾಗಿನಲ್ಲಿರುವ ವಸ್ತುಗಳಿಗೆ ಅದು ಅಂಥ ಆದೇಶಗಳನ್ನು ಬರೆಯುವುದಿಲ್ಲ, ಏಕೆಂದರೆ ಹೊಸ ಸರ್ವರಿನಲ್ಲಿ ಅವು ಇದ್ದೇ ಇರುತ್ತವೆ. ದಾಖಲಾತಿ ಪುಸ್ತಕವನ್ನು ನಕಲು ಮಾಡುವವರು ಅಚ್ಚಿನ ಶೀರ್ಷಿಕೆಯನ್ನು ಬಿಟ್ಟಂತೆಯೇ ಇದು. ಈ ನಿಯಮದಲ್ಲಿ ದೋಷವಿಲ್ಲ. ಹೀಗಿರುವುದರಿಂದಲೇ ಹಳೆಯ ಆವೃತ್ತಿಯ ಡಂಪನ್ನು ಹೊಸ ಆವೃತ್ತಿಯ ಸರ್ವರಿಗೆ ತುಂಬಲು ಸಾಧ್ಯವಾಗಿದೆ. ದೋಷವಿರುವುದು ಅಚ್ಚಿನ ಭಾಗದಲ್ಲಿ ಕೆಂಪು ಶಾಯಿಯಿಂದ ಬರೆದ ಕೈಯಲ್ಲಿ.

ನಿರ್ವಾಹಕರು ಅಲ್ಲಿ ಏಕೆ ಬರೆಯುತ್ತಾರೆ? ಹುಡುಗಾಟಕ್ಕೆ ಬರೆಯುವವರು ವಿರಳ. ಕನ್ನಡ ಶಾಲೆಗೇ ಸಂಬಂಧಿಸಿದ ಒಂದು ಸನ್ನಿವೇಶವನ್ನು ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ.

ಗಡಿನಾಡಿನ ಶಾಲೆಯೊಂದರಲ್ಲಿ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿಯೂ ಆ ರಾಜ್ಯದ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇಡಬೇಕಾಗಿದೆ ಎಂದು ಇಟ್ಟುಕೊಳ್ಳಬಹುದು. ಕನ್ನಡದಲ್ಲಿ ಒಂದೇ ಹೆಸರು ಕಣ್ಣಿಗೆ ಒಂದೇ ಆಗಿ ಕಂಡರೂ ಗಣಕದೊಳಗೆ ಎರಡು ಬಗೆಯಾಗಿರಬಹುದು. ಯೂನಿಕೋಡಿನಲ್ಲಿ ‘ಲೋ’ ಎಂಬಲ್ಲಿನ ಓತ್ವಕ್ಕೆ ಒಂದೇ ಸಂಕೇತವಿದೆ. ಅದನ್ನೇ ಎತ್ವ, ಊತ್ವದ ಕೊಂಬು, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಮೇಲುನೋಟಕ್ಕೆ ಎರಡೂ ‘ಲೋಕೇಶ’. ಹಾಗೆಯೇ ಅರ್ಕಾವತ್ತಿನಿಂದ ಬರೆದ ‘ಸೂರ್ಯ’ ಮತ್ತು ಅರ್ಕಾವತ್ತಿಲ್ಲದೆ ಬರೆದ ‘ಸೂರ‍್ಯ’ ಓದುವವರಿಗೆ ಒಂದೇ. ಎರಡನೆಯದರ ಒಳಗೆ ಮಾತ್ರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಅಡಗಿದೆ. ‘ರಾಜ್‌ಕುಮಾರ’ ಎಂಬಲ್ಲಿ ಜಕಾರಕ್ಕೆ ಒತ್ತು ಬೀಳದಂತೆ ತಡೆಯುವ ಕಾಣದ ಚಿಹ್ನೆಯದೂ ಅದೇ ಕಥೆ. ಗಣಕಕ್ಕೆ ಇವೆಲ್ಲ ಬೇರೆ ಬೇರೆ ಹೆಸರುಗಳು. ಆದ್ದರಿಂದ ಒಂದೇ ಮಗು ಎರಡು ಬಾರಿ ದಾಖಲಾಗಬಹುದು. ಹುಡುಕಿದಾಗ ಇರುವ ಮಗುವೇ ‘ಇಲ್ಲ’ ಎನಿಸಬಹುದು.

ಶಾಲೆಯ ಐ.ಟಿ. ಸಂಯೋಜಕರಾದ ಅಧ್ಯಾಪಕರು ಇದನ್ನು ಕಂಡುಕೊಂಡು, ಹೆಸರನ್ನು ಒಂದೇ ರೂಪಕ್ಕೆ ತರುವ ‘ಹೆಸರು_ಸಮ’ ಎಂಬ ಚಿಕ್ಕ ಫಂಕ್ಷನ್ನನ್ನು ಬರೆದರು ಎಂದು ಭಾವಿಸಬಹುದು. ಇದು ಮೆಚ್ಚತಕ್ಕ ಕೆಲಸ. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ನೆಯ ಆವೃತ್ತಿಯಲ್ಲಿ ‘ನಾರ್ಮಲೈಸ್’ ಎಂಬ ಅಂತರ್ನಿರ್ಮಿತ ಫಂಕ್ಷನ್ ಸೇರಿತು; ಅದು ಓತ್ವದ ತೊಡಕನ್ನು ಬಗೆಹರಿಸುತ್ತದೆ, ಆದರೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆಯುವುದಿಲ್ಲ. ಎಂದರೆ ಕನ್ನಡಕ್ಕೆ ಇಂಥ ಸ್ವಂತ ಫಂಕ್ಷನ್ನಿನ ಅಗತ್ಯ ಇಂದಿಗೂ ಇದೆ. ಅದೇ ಫಂಕ್ಷನ್ನನ್ನು ಆಧರಿಸಿ, ಸಮಗೊಳಿಸಿದ ಹೆಸರು, ತಾಯಿಯ ಹೆಸರು ಮತ್ತು ಜನ್ಮದಿನಾಂಕ ಮೂರೂ ಒಂದೇ ಆದ ಎರಡು ಸಾಲುಗಳು ಇರಕೂಡದೆಂದು ‘ಯೂನಿಕ್’ ಇಂಡೆಕ್ಸೊಂದನ್ನು ಅವರು ಕಟ್ಟಿದರು. ಹೆಸರುವಾರು ಪಟ್ಟಿ ತೋರಿಸುವ ‘ವ್ಯೂ’ ಒಂದನ್ನೂ ರಚಿಸಿದರು.

ಫಂಕ್ಷನ್ನನ್ನು ಎಲ್ಲಿ ಇಡುವುದು? ಪಿಜಿ_ಕ್ಯಾಟಲಾಗಿನಲ್ಲಿರುವ ಹೆಸರುಗಳನ್ನು ಪೋಸ್ಟ್‌ಗ್ರೆಸ್ ಯಾವಾಗಲೂ, ಯಾರೂ ಹೇಳದೆಯೇ ಹುಡುಕುತ್ತದೆ. ಅಲ್ಲಿಟ್ಟರೆ ಸ್ಕೀಮಾದ ಹೆಸರನ್ನು ಬರೆಯಬೇಕಾದ ಗೋಜಿಲ್ಲ, ಯಾವ ಬಳಕೆದಾರರು ಕರೆದರೂ ಓಗೊಡುತ್ತದೆ. ಆ ಕೋಣೆಯಲ್ಲಿ ಹೊಸ ಕೋಷ್ಟಕ ಕಟ್ಟಲು ಹೊರಟರೆ ತಂತ್ರಾಂಶ ತಡೆಯುತ್ತದೆ. ಫಂಕ್ಷನ್ ಇಡಲು ಹೊರಟ ಸೂಪರ್‌ಯೂಸರನ್ನು ತಡೆಯುವುದಿಲ್ಲ. ತಡೆಯದಿದ್ದುದರಿಂದ ಅದು ಒಪ್ಪಿತವಾದ ಕೆಲಸವೆಂದೇ ಅವರು ತಿಳಿದರು. ಪ್ರತಿ ಶನಿವಾರ ಪಿಜಿ_ಡಂಪ್ ಓಡಿಸಿ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿದರು. ಪ್ರತಿ ತೆಗೆಯುವಾಗ ಒಂದೇ ಒಂದು ದೂರೂ ಕಾಣಿಸಲಿಲ್ಲ.

ಮಳೆಗಾಲದಲ್ಲಿ ಗಣಕದ ಹಾರ್ಡ್ ಡಿಸ್ಕ್ ಕೆಟ್ಟಿತು. ಹೊಸ ಗಣಕ ಬಂತು. ಪೆನ್‌ಡ್ರೈವಿನ ಪ್ರತಿಯನ್ನು ಪಿಎಸ್‌ಕ್ಯೂಎಲ್ ಎಂಬ ಸಾಧನದಿಂದ ತುಂಬಲಾಯಿತು. ಪರದೆಯ ಮೇಲೆ ನೂರಾರು ಸಾಲುಗಳು ಓಡಿದವು. ವಿದ್ಯಾರ್ಥಿಗಳ ಕೋಷ್ಟಕ ತೆರೆದರೆ ಎಲ್ಲ ಹೆಸರುಗಳೂ ಇವೆ. ಎಲ್ಲರೂ ನಿಟ್ಟುಸಿರುಬಿಟ್ಟರು.

ನಡೆದದ್ದು ಇಷ್ಟು: ಪ್ರತಿಯಲ್ಲಿ ಕೋಷ್ಟಕವಿತ್ತು, ಸಾಲುಗಳಿದ್ದವು, ವ್ಯೂ ರಚಿಸುವ ಆದೇಶವಿತ್ತು, ಇಂಡೆಕ್ಸ್ ಕಟ್ಟುವ ಆದೇಶವೂ ಇತ್ತು. ಆ ಎರಡಕ್ಕೂ ಆಧಾರವಾದ ‘ಹೆಸರು_ಸಮ’ ಮಾತ್ರ ಇರಲಿಲ್ಲ. ಅದು ಅಚ್ಚಿನ ಕೋಣೆಯಲ್ಲಿದ್ದುದರಿಂದ ಪಿಜಿ_ಡಂಪ್ ಅದನ್ನು ಅಚ್ಚಿನ ಭಾಗವೆಂದೇ ಎಣಿಸಿ ಬಿಟ್ಟಿತ್ತು. ತುಂಬುವಾಗ ವ್ಯೂ ಕಟ್ಟುವ ಆದೇಶ ‘ಇಂಥ ಫಂಕ್ಷನ್ ಇಲ್ಲ’ ಎಂದು ಬಿದ್ದುಹೋಯಿತು, ಇಂಡೆಕ್ಸಿನ ಆದೇಶವೂ ಹಾಗೆಯೇ. ಬೇರೆ ರೀತಿ ಹೇಳದ ಹೊರತು ಪಿಎಸ್‌ಕ್ಯೂಎಲ್ ಒಂದು ಆದೇಶ ಬಿದ್ದರೂ ಮುಂದಿನದಕ್ಕೆ ಹೋಗುತ್ತದೆ. ತಪ್ಪಿನ ಎರಡು ಸಾಲುಗಳು ನೂರಾರು ಸಾಲುಗಳ ನಡುವೆ ಮೇಲೆ ಸರಿದುಹೋದವು. ವ್ಯೂ ಇಲ್ಲದ್ದು ಮರುದಿನವೇ ತಿಳಿಯುತ್ತದೆ. ಇಂಡೆಕ್ಸ್ ಇಲ್ಲದ್ದು ತಿಳಿಯುವುದಿಲ್ಲ. ಜೂನ್ ತಿಂಗಳ ಪ್ರವೇಶದ ಗಡಿಬಿಡಿಯಲ್ಲಿ ಒಂದೇ ಮಗು ಎರಡು ಕ್ರಮಾಂಕ ಪಡೆದು, ಅರ್ಧ ಹಾಜರಿ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಸೇರಿ, ವರ್ಷದ ಕೊನೆಗೆ ಹಾಜರಿ ಸಾಲದೆಂಬ ಷರಾ ಬರುವವರೆಗೂ ಅದು ಯಾರ ಕಣ್ಣಿಗೂ ಬೀಳದಿರಬಹುದು. ಆ ಹೊತ್ತಿಗೆ ಹಳೆಯ ಡಿಸ್ಕಿನ ನೆನಪು ಯಾರಿಗಿರುತ್ತದೆ?

ಇದಕ್ಕಿಂತ ಕೆಟ್ಟ ಪರಿಣಾಮವೂ ಸಾಧ್ಯ. ಸಮಗೊಳಿಸಿದ ಹೆಸರನ್ನು ಇಂಡೆಕ್ಸಿನಲ್ಲಿ ಅಲ್ಲದೆ, ತಾನಾಗಿ ತುಂಬಿಕೊಳ್ಳುವ ‘ಜನರೇಟೆಡ್’ ಕಾಲಮಾಗಿ ಕೋಷ್ಟಕದಲ್ಲಿಯೇ ಇಟ್ಟಿದ್ದರೆ ಕೋಷ್ಟಕ ರಚಿಸುವ ಆದೇಶವೇ ಬೀಳುತ್ತದೆ. ಕೋಷ್ಟಕವಿಲ್ಲದ ಮೇಲೆ ಒಂದು ಸಾಲೂ ಒಳಗೆ ಬರುವುದಿಲ್ಲ. ವಿಚಿತ್ರವೆಂದರೆ ಈ ದೊಡ್ಡ ಅನಾಹುತವೇ ಮೇಲು. ಅದು ಕೂಡಲೇ ಗೊತ್ತಾಗುತ್ತದೆ, ಪ್ರತಿ ಕೈಯಲ್ಲಿರುವಾಗಲೇ ಫಂಕ್ಷನ್ನನ್ನು ಮತ್ತೆ ಬರೆದು ಸರಿಪಡಿಸಬಹುದು.

ಕೆಲವು ನಿರ್ವಾಹಕರು ಒಳ್ಳೆಯ ಕಾರಣದಿಂದಲೇ ಈ ಬಲೆಗೆ ಬೀಳುತ್ತಾರೆ ಎಂಬುದನ್ನೂ ಹೇಳಬೇಕು. 2018ರಲ್ಲಿ ಪಬ್ಲಿಕ್ ಸ್ಕೀಮಾದ ಒಂದು ಭದ್ರತಾ ದೌರ್ಬಲ್ಯ ಪ್ರಕಟವಾಯಿತು. ಅದರ ಗುರುತು ಸಿವಿಇ-2018-1058. ಹಜಾರದಲ್ಲಿ ಯಾರು ಬೇಕಾದರೂ ವಸ್ತುಗಳನ್ನಿಡಬಹುದಾದ್ದರಿಂದ, ಬೇರೊಬ್ಬರು ಕರೆಯುವ ಫಂಕ್ಷನ್ನಿನ ಹೆಸರಿನಲ್ಲಿಯೇ ಇನ್ನೊಂದನ್ನಿಟ್ಟು ಅವರ ಅಧಿಕಾರದಿಂದ ಅದನ್ನು ಓಡಿಸಿಕೊಳ್ಳಲು ಸಾಧ್ಯವಿತ್ತು. ಪರಿಹಾರದ ಅಂಗವಾಗಿ ಡಂಪ್ ಫೈಲುಗಳು ಹುಡುಕುವ ದಾರಿಯನ್ನು ಬರಿದುಮಾಡಿಕೊಂಡೇ ಕೆಲಸಕ್ಕೆ ತೊಡಗುವಂತೆ ಬದಲಾದವು. ಅಂದಿನಿಂದ, ಒಂದು ಫಂಕ್ಷನ್ನು ತನ್ನೊಳಗೆ ಇನ್ನೊಂದನ್ನು ಸ್ಕೀಮಾದ ಹೆಸರಿಲ್ಲದೆ ಕರೆಯುತ್ತಿದ್ದರೆ, ದಿನನಿತ್ಯ ಸರಿಯಾಗಿ ನಡೆಯುವ ಅದು ಬ್ಯಾಕಪ್ ತುಂಬುವಾಗ ಮಾತ್ರ ‘ಇಂಥ ಫಂಕ್ಷನ್ ಇಲ್ಲ’ ಎನ್ನಬಹುದು. ಇದನ್ನು ಕಂಡವರು ಒಳಗಿನ ಫಂಕ್ಷನ್ನನ್ನು ಪಿಜಿ_ಕ್ಯಾಟಲಾಗಿಗೆ ಸಾಗಿಸಿದರೆ ದೂರು ನಿಂತುಹೋಗುತ್ತದೆ, ಆ ಸರ್ವರಿನಲ್ಲಿ. ಹೊಸ ಸರ್ವರಿನಲ್ಲಿ ಫಂಕ್ಷನ್ನೇ ಇರುವುದಿಲ್ಲ. ಸರಿಯಾದ ಪರಿಹಾರ ಸಣ್ಣದು: ಒಳಗಿನ ಕರೆಗೆ ಸ್ಕೀಮಾದ ಹೆಸರನ್ನು ಸೇರಿಸಿ ಬರೆಯುವುದು, ಇಲ್ಲವೇ ಫಂಕ್ಷನ್ನಿಗೇ ಅದರ ಹುಡುಕುವ ದಾರಿಯನ್ನು ಕಟ್ಟಿಕೊಡುವುದು.

ಇನ್ನು ಪಬ್ಲಿಕ್‌ನ ವಿಚಾರ. ಮೇಲಿನ ದೌರ್ಬಲ್ಯದ ನಂತರ, ಹಜಾರದಲ್ಲಿ ವಸ್ತುಗಳನ್ನಿಡುವ ಅನುಮತಿಯನ್ನು ಸರ್ವರಿಂದಲೂ ಹಿಂತೆಗೆದುಕೊಳ್ಳಬೇಕೆಂದು ಸಲಹೆ ಬಂತು. 2022ರ ಅಕ್ಟೋಬರಿನಲ್ಲಿ ಬಂದ 15ನೆಯ ಆವೃತ್ತಿಯಿಂದ ಇದು ಹುಟ್ಟಿನಿಂದಲೇ ಬರುವ ಸ್ಥಿತಿಯಾಯಿತು. ಹೊಸ ಆವೃತ್ತಿಗೆ ಹೋದ ಮಾತ್ರಕ್ಕೆ ಬಾಗಿಲು ಮುಚ್ಚಿತೆಂದು ಭಾವಿಸುವವರು ಬಹಳ. ಹೊಸ ಪಿಜಿ_ಡಂಪಿನಿಂದ ಹಳೆಯ ಸರ್ವರಿನ ಪ್ರತಿ ತೆಗೆದು ತುಂಬಿದರೆ ಹಜಾರದ ಹಳೆಯ ಅನುಮತಿಗಳೇ ಉಳಿಯುತ್ತವೆ. ತಂತ್ರಾಂಶದವರೇ ಇದನ್ನು ತಮ್ಮ ಆವೃತ್ತಿ ಟಿಪ್ಪಣಿಯಲ್ಲಿ ಹೇಳಿದ್ದಾರೆ. ಹಳೆಯ ಮನೆಯ ತೆರೆದ ಬಾಗಿಲು ಸಾಮಾನಿನ ಜೊತೆಗೆ ಹೊಸ ಮನೆಗೂ ಬರುತ್ತದೆ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ಹಜಾರವೇ ಬೇಡವೆಂದು ಪಬ್ಲಿಕ್ ಸ್ಕೀಮಾವನ್ನು ಅಳಿಸಿಬಿಟ್ಟ ನಿರ್ವಾಹಕರು, ಪ್ರತಿಯನ್ನು ತುಂಬಿದ ಮೇಲೆ ಅದು ಮತ್ತೆ ಎದ್ದು ನಿಂತಿರುವುದನ್ನು ಕಾಣುತ್ತಾರೆ. ಇಲ್ಲದ್ದನ್ನು ‘ಇಲ್ಲವಾಗಿಸು’ ಎಂದು ಪಿಜಿ_ಡಂಪ್ ಬರೆಯುವುದಿಲ್ಲ. ಹೊಸ ದತ್ತಸಂಚಯ ಹುಟ್ಟುವಾಗಲೇ ಹಜಾರದೊಡನೆ ಹುಟ್ಟುತ್ತದೆ. ಹಜಾರದ ಒಡೆತನವನ್ನು ಬದಲಿಸಿದ್ದರೆ ಆ ಬದಲಾವಣೆ ಪ್ರತಿಯೊಳಗೆ ಬರತೊಡಗಿದ್ದೂ 15ನೆಯ ಆವೃತ್ತಿಯಿಂದಲೇ.

ಅನುಮತಿಗಳ ಇತಿಹಾಸ ಇನ್ನೂ ಸ್ವಾರಸ್ಯಕರ. 2016ರ 9.6ನೆಯ ಆವೃತ್ತಿಗೆ ಮೊದಲು, ಅಂತರ್ನಿರ್ಮಿತ ಫಂಕ್ಷನ್ನೊಂದನ್ನು ಸಾಮಾನ್ಯ ಬಳಕೆದಾರರಿಗೆ ನಿಷೇಧಿಸಿದ್ದರೆ ಆ ನಿಷೇಧ ಡಂಪಿನಲ್ಲಿ ಬರುತ್ತಲೇ ಇರಲಿಲ್ಲ. ತುಂಬಿದ ಸರ್ವರಿನಲ್ಲಿ ನಿಷೇಧ ಮಾಯ. 9.6ರಿಂದ ಹುಟ್ಟಿನ ಅನುಮತಿಗಳನ್ನು ಪಿಜಿ_ಇನಿಟ್_ಪ್ರಿವ್ಸ್ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡು, ಅದಕ್ಕೂ ಇಂದಿನ ಸ್ಥಿತಿಗೂ ಇರುವ ವ್ಯತ್ಯಾಸವನ್ನು ಡಂಪಿನಲ್ಲಿ ಬರೆಯಲಾಗುತ್ತಿದೆ. ಇದು ದೊಡ್ಡ ಸುಧಾರಣೆ. ಆದರೆ ಅದರಿಂದಲೇ ಒಂದು ಹೊಸ ತೊಡಕೂ ಹುಟ್ಟಿತು. ಬ್ಯಾಕಪ್ ಕೆಲಸಕ್ಕೆಂದೇ ಒಬ್ಬ ಬಳಕೆದಾರನನ್ನು ನೇಮಿಸಿ, ಅವನಿಗೆ ‘ಪಿಜಿ_ಸ್ಟಾರ್ಟ್_ಬ್ಯಾಕಪ್’ ಎಂಬ ಅಂತರ್ನಿರ್ಮಿತ ಫಂಕ್ಷನ್ನನ್ನು ಓಡಿಸುವ ಅನುಮತಿಯನ್ನು ಕೊಟ್ಟ ಸರ್ವರುಗಳು ಹಲವು. 15ನೆಯ ಆವೃತ್ತಿಯಲ್ಲಿ ಅದರ ಹೆಸರು ‘ಪಿಜಿ_ಬ್ಯಾಕಪ್_ಸ್ಟಾರ್ಟ್’ ಎಂದಾಯಿತು. ಹಳೆಯ ಪ್ರತಿಯೊಳಗಿನ ಅನುಮತಿಯ ಆದೇಶ ಹೊಸ ಸರ್ವರಿನಲ್ಲಿ ಇಲ್ಲದ ಹೆಸರನ್ನು ಹುಡುಕಿ ಬೀಳುತ್ತದೆ. ಬ್ಯಾಕಪ್ಪಿಗೆಂದು ಮಾಡಿದ ಬದಲಾವಣೆಯೇ ಬ್ಯಾಕಪ್ಪನ್ನು ತುಂಬುವಾಗ ಅಡ್ಡ ಬರುತ್ತದೆ! ಅಂತರ್ನಿರ್ಮಿತ ವಸ್ತುಗಳಿಗೆ ಕೈಯಾರೆ ಅನುಮತಿ ಕೊಟ್ಟವರು ಅದನ್ನೊಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇವಿಷ್ಟರ ಹೊರಗೆ ಟೆಂಪ್ಲೇಟ್1 ಎಂಬ ಅಚ್ಚು ಇದೆ. ಹೊಸ ದತ್ತಸಂಚಯಗಳೆಲ್ಲ ಸಾಮಾನ್ಯವಾಗಿ ಅದರ ನಕಲುಗಳು. ‘ಹೆಸರು_ಸಮ’ವನ್ನು ಟೆಂಪ್ಲೇಟ್1ರ ಹಜಾರದಲ್ಲಿಟ್ಟರೆ ಮುಂದೆ ಹುಟ್ಟುವ ಎಲ್ಲ ದತ್ತಸಂಚಯಗಳಲ್ಲಿಯೂ ಅದು ಇರುತ್ತದೆ, ಡಂಪಿನಲ್ಲಿಯೂ ಬರುತ್ತದೆ. ಆ ಡಂಪನ್ನು ಮತ್ತೆ ಟೆಂಪ್ಲೇಟ್1ರಿಂದ ಹುಟ್ಟಿದ ದತ್ತಸಂಚಯಕ್ಕೆ ತುಂಬಿದರೆ ‘ಇದು ಈಗಾಗಲೇ ಇದೆ’ ಎಂಬ ದೂರು. ಪ್ರತಿ ತುಂಬಲು ಏನೂ ಬೆರೆಯದ ಟೆಂಪ್ಲೇಟ್0ರಿಂದ ದತ್ತಸಂಚಯವನ್ನು ಹುಟ್ಟಿಸಬೇಕೆಂಬ ಸೂಚನೆ ಕೈಪಿಡಿಯಲ್ಲಿಯೇ ಇದೆ. ಬಳಕೆದಾರರೂ ಅವರ ಗುಪ್ತಪದಗಳೂ ಯಾವ ಒಂದು ದತ್ತಸಂಚಯಕ್ಕೂ ಸೇರಿದವಲ್ಲವಾದ್ದರಿಂದ ಪಿಜಿ_ಡಂಪಿನಲ್ಲಿ ಬರುವುದಿಲ್ಲ. ಅವುಗಳಿಗೆ ಪಿಜಿ_ಡಂಪ್‌ಆಲ್ ಎಂಬ ಸಾಧನವನ್ನು ‘ಗ್ಲೋಬಲ್ಸ್ ಓನ್ಲಿ’ ಎಂಬ ಆಯ್ಕೆಯೊಡನೆ ಬೇರೆಯಾಗಿ ಓಡಿಸಬೇಕು.

ಹಾಗಾದರೆ ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿದರಾಗದೇ ಎಂಬ ಪ್ರಶ್ನೆ ಸಹಜ. ಆಗುತ್ತದೆ. ಪಿಜಿ_ಬೇಸ್‌ಬ್ಯಾಕಪ್ ಅಂಥದು: ಅದು ಸರ್ವರಿನ ಫೈಲುಗಳನ್ನೇ ಇದ್ದಹಾಗೆ ನಕಲಿಸುತ್ತದೆ. ಕೆಂಪು ಶಾಯಿಯೂ ಉಳಿಯುತ್ತದೆ, ಕಾಫಿಯ ಕಲೆಯೂ ಉಳಿಯುತ್ತದೆ. ಆದರೆ ಆ ಪ್ರತಿ ಅದೇ ಪ್ರಧಾನ ಆವೃತ್ತಿಯ ಸರ್ವರಿನಲ್ಲಿ ಮಾತ್ರ ಏಳುತ್ತದೆ. 12ರ ಪ್ರತಿಯನ್ನು 16ರಲ್ಲಿ ಎಬ್ಬಿಸಲಾಗದು. ಒಂದೇ ದತ್ತಸಂಚಯವನ್ನು ಆರಿಸಿ ತೆಗೆಯಲೂ ಆಗದು. ಆವೃತ್ತಿ ಬದಲಿಸುವ ದಿನ ಡಂಪಿನ ದಾರಿ ಹಿಡಿದರೆ, ಅಂದಿನವರೆಗೆ ಅಡಗಿದ್ದ ಕೆಂಪು ಶಾಯಿಯ ಸಮಸ್ಯೆ ಅಂದು ಹೊರಬೀಳುತ್ತದೆ.

ಇದು ಪೋಸ್ಟ್‌ಗ್ರೆಸ್ಸಿಗೆ ಮಾತ್ರ ಸೇರಿದ ಗುಣವಲ್ಲ. ಮೈಎಸ್‌ಕ್ಯೂಎಲ್‌ನ ಮೈಎಸ್‌ಕ್ಯೂಎಲ್‌ಡಂಪ್ ಸಾಧನವೂ ಇನ್ಫರ್ಮೇಶನ್_ಸ್ಕೀಮಾ, ಪರ್ಫಾರ್ಮೆನ್ಸ್_ಸ್ಕೀಮಾ, ಸಿಸ್ ಎಂಬವನ್ನು ತಾನಾಗಿ ತೆಗೆಯುವುದಿಲ್ಲ. 8.0ನೆಯ ಆವೃತ್ತಿಗೆ ಮುಂಚೆ ಎಲ್ಲ ದತ್ತಸಂಚಯಗಳ ಪ್ರತಿ ತೆಗೆದರೆ ಅದರೊಡನೆ ಸಂಗ್ರಹಿತ ರೂಟೀನುಗಳೂ ಬರುತ್ತಿದ್ದವು, ಏಕೆಂದರೆ ಅವು ಮೈಎಸ್‌ಕ್ಯೂಎಲ್ ಎಂಬ ಅಂತರ್ನಿರ್ಮಿತ ಸ್ಕೀಮಾದ ಕೋಷ್ಟಕದಲ್ಲಿದ್ದವು. 8.0ರಲ್ಲಿ ಅವು ಆ ಕೋಷ್ಟಕವನ್ನು ಬಿಟ್ಟು ಒಳಗಿನ ನಿಘಂಟಿಗೆ ಹೋದವು. ಅಂದಿನಿಂದ ‘ರೂಟೀನ್ಸ್’, ‘ಇವೆಂಟ್ಸ್’ ಎಂಬ ಆಯ್ಕೆಗಳನ್ನು ಕೊಡದಿದ್ದರೆ ಅವು ಬರುವುದಿಲ್ಲ. ಇಲ್ಲಿ ಅಚ್ಚಿನ ಕೋಣೆಯನ್ನು ಬದಲಿಸಿದವರು ತಂತ್ರಾಂಶದವರೇ, ಆದರೆ ಹಳೆಯ ಅಭ್ಯಾಸದಲ್ಲಿ ಪ್ರತಿ ತೆಗೆಯುವ ನಿರ್ವಾಹಕರಿಗೆ ಆಗುವ ನಷ್ಟ ಅದೇ.

ಪರಿಹಾರದ ಕಡೆಗೆ ಬಂದರೆ, ‘ಹೆಸರು_ಸಮ’ದಂಥ ಸ್ವಂತ ವಸ್ತುಗಳಿಗೆ ‘ಶಾಲೆ’ ಎಂಬಂತೆ ಸ್ವಂತ ಹೆಸರಿನ ಸ್ಕೀಮಾವೊಂದನ್ನು ಕಟ್ಟಿಕೊಳ್ಳುವುದೇ ಸರಿ. ಸ್ವಂತ ಸ್ಕೀಮಾ ಡಂಪಿನಲ್ಲಿ ಪೂರ್ಣವಾಗಿ ಬರುತ್ತದೆ. ಪ್ರತಿ ಬಾರಿ ‘ಶಾಲೆ’ ಎಂಬ ಪೂರ್ವಪದ ಬರೆಯುವ ಶ್ರಮವನ್ನು ಶ್ರಮವೆಂದು ಎಣಿಸಬಾರದು. ಈಗಾಗಲೇ ಪಿಜಿ_ಕ್ಯಾಟಲಾಗಿನಲ್ಲಿ ಏನಾದರೂ ಸೇರಿಕೊಂಡಿದೆಯೇ ಎಂದು ಕಂಡುಹಿಡಿಯಲೂ ಉಪಾಯವುಂಟು. ಪ್ರತಿ ವಸ್ತುವಿಗೂ ಒಂದು ಕ್ರಮಾಂಕವಿರುತ್ತದೆ. ತಂತ್ರಾಂಶದೊಡನೆ ಹುಟ್ಟಿದವುಗಳ ಕ್ರಮಾಂಕ 16384ಕ್ಕಿಂತ ಕಡಿಮೆ. ಪಿಜಿ_ಪ್ರಾಕ್ ಎಂಬ ಪಟ್ಟಿಯಲ್ಲಿ, ಪಿಜಿ_ಕ್ಯಾಟಲಾಗಿಗೆ ಸೇರಿದ್ದೂ ಕ್ರಮಾಂಕ 16384 ಅಥವಾ ಅದಕ್ಕೆ ಮೇಲ್ಪಟ್ಟದ್ದೂ ಆದ ಫಂಕ್ಷನ್ನುಗಳನ್ನು ಹುಡುಕಿದರೆ ನಂತರ ಬಂದವು ಸಿಕ್ಕಿಬೀಳುತ್ತವೆ. ಕೆಲವು ವಿಸ್ತರಣೆಗಳೂ ಅಲ್ಲಿ ಫಂಕ್ಷನ್ನುಗಳನ್ನಿಡುವುದರಿಂದ ಸಿಕ್ಕಿದ್ದೆಲ್ಲವೂ ತಪ್ಪೆಂದು ಅಳಿಸಬಾರದು.

ತರಗತಿಯಲ್ಲಿ ಇದನ್ನು ತೋರಿಸಲು ಎರಡು ಗಣಕಗಳು ಸಾಕು. ಮೊದಲನೆಯದರಲ್ಲಿ ಮಕ್ಕಳಿಂದಲೇ ಹತ್ತು ಹೆಸರುಗಳ ಕೋಷ್ಟಕವೊಂದನ್ನು ಮಾಡಿಸಿ, ‘ಸೂರ್ಯ’ವನ್ನು ಅರ್ಕಾವತ್ತಿನಿಂದ ದಾಖಲಿಸಿಸಬೇಕು. ‘ಹೆಸರು_ಸಮ’ವನ್ನು ಬೇಕೆಂದೇ ಪಿಜಿ_ಕ್ಯಾಟಲಾಗಿನಲ್ಲಿಟ್ಟು, ಅದರ ಮೇಲೆ ಯೂನಿಕ್ ಇಂಡೆಕ್ಸ್ ಕಟ್ಟಿ, ಅರ್ಕಾವತ್ತಿಲ್ಲದ ‘ಸೂರ‍್ಯ’ನನ್ನು ಸೇರಿಸಲು ಹೇಳಬೇಕು, ಸರ್ವರು ನಿರಾಕರಿಸುತ್ತದೆ. ಅನಂತರ ಡಂಪ್ ತೆಗೆದು ಎರಡನೆಯ ಗಣಕಕ್ಕೆ ತುಂಬಿ, ಅದೇ ‘ಸೂರ‍್ಯ’ನನ್ನು ಅಲ್ಲಿ ಸೇರಿಸಲು ಹೇಳಬೇಕು. ಈ ಬಾರಿ ಸರ್ವರು ಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಮಕ್ಕಳು ಹೆಸರುಗಳನ್ನು ಎಣಿಸಿ ‘ಹತ್ತೂ ಬಂದಿದ್ದವಲ್ಲ, ಮತ್ತೇಕೆ ಹೀಗಾಯಿತು?’ ಎಂದು ಕೇಳುವವರೆಗೆ ಕಾದು, ಪಿಎಸ್‌ಕ್ಯೂಎಲ್‌ಗೆ ‘ಆನ್_ಎರರ್_ಸ್ಟಾಪ್’ ಎಂಬ ಸೂಚನೆಯನ್ನು ಕೊಟ್ಟು ಎರಡನೆಯ ಗಣಕದಲ್ಲಿ ಹೊಸ ದತ್ತಸಂಚಯವೊಂದಕ್ಕೆ ಅದೇ ಡಂಪನ್ನು ಮತ್ತೊಮ್ಮೆ ತುಂಬಿಸಬೇಕು. ಆಗ ಕೆಲಸ ಇಂಡೆಕ್ಸಿನ ಸಾಲಿನಲ್ಲಿಯೇ ನಿಂತು, ಯಾವ ಫಂಕ್ಷನ್ ಇಲ್ಲವೆಂಬುದನ್ನು ಪರದೆಯ ಕೊನೆಯ ಸಾಲಿನಲ್ಲಿ ಹೆಸರು ಹಿಡಿದು ಹೇಳುತ್ತದೆ.